ಪರ-ವಿರೋಧ: ಧಾರಾವಾಹಿಗೆ ದಿನಾ ಶೀರ್ಷಿಕೆ ಗೀತೆ ಬೇಕೇ?

ಪರ: ಹಾಡು ಮತ್ತೆ ಬರಲೇಬೇಕು

ಧಾರಾವಾಹಿಗಳಿಂದ ಶೀರ್ಷಿಕೆ ಗೀತೆಯನ್ನು ಕಿತ್ತುಹಾಕಿದ್ದು ದೊಡ್ಡ ತಪ್ಪು. ಹಾಡು ಪೂರ್ತಿ ಹೋಗಿಲ್ಲ, ನಿಜ. ಪ್ರೊಮೊದಲ್ಲಿ, ಮೊದಮೊದಲ ಕಂತುಗಳಲ್ಲಿ ಕೇಳಿಸುತ್ತದೆ. ಆಮೇಲೆ ಹೆಸರು ಒಂದು ಸಲ ಮಿಂಚಿ ಮಾಯ. ಕಥೆ ಶುರು.

ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ ನೆನಪಿದೆಯಾ? ಹಾಡು ಬರೆದವರು ಎಚ್.ಎಸ್. ವೆಂಕಟೇಶಮೂರ್ತಿ. ರಾಗ ಹಾಕಿದವರು ಸಿ. ಅಶ್ವತ್ಥ್. ಭಾವಗೀತೆಯ ಕ್ಯಾಸೆಟ್ ಕೊಳ್ಳದ ಮನೆಗೂ ಒಬ್ಬ ಒಳ್ಳೆಯ ಕವಿಯ ಸಾಲು ದಿನಾ ರಾತ್ರಿ ಬರುತ್ತಿತ್ತು. ಅಂಥ ದಾರಿ ಈಗ ಬೇರೆ ಯಾವುದಿದೆ?

ಸಮಯವಿಲ್ಲ ಅಂತಾರೆ. ಬೆಚ್ಚಿಬಿದ್ದ ಅತ್ತೆಯ ಮುಖವನ್ನು ಮೂರು ಕಡೆಯಿಂದ ತೋರಿಸಲು ಸಮಯವಿದೆ. ನಿನ್ನೆಯ ಜಗಳವನ್ನು ಇವತ್ತು ಮತ್ತೆ ಹಾಕಲು ಸಮಯವಿದೆ. ಹಾಡಿಗೆ ಮಾತ್ರ ಇಲ್ಲ, ಅಲ್ವಾ?

ನನ್ನಮ್ಮನಿಗೆ ಈಗ ಕಣ್ಣು ಮಂದ. ಟಿವಿ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಮೊದಲು ಹಾಡು ಶುರುವಾದರೆ ಸಾಕು, ಒಗ್ಗರಣೆ ಸೌಟು ಹಿಡಿದೇ ಅಡುಗೆಮನೆಯಿಂದ ಬರುತ್ತಿದ್ದರು. ಹಾಡು ಮುಗಿಯುವಷ್ಟರಲ್ಲಿ ಒಲೆ ಆರಿಸಿ, ಕೈ ಒರೆಸಿಕೊಂಡು ಕೂತಿರುತ್ತಿದ್ದರು. ಈಗ ಒಂದು ಧಾರಾವಾಹಿ ಮುಗಿದು ಇನ್ನೊಂದು ಶುರುವಾದದ್ದೇ ಅವರಿಗೆ ತಿಳಿಯುವುದಿಲ್ಲ. ಎರಡರಲ್ಲೂ ಯಾರೋ ಅಳುತ್ತಿರುತ್ತಾರೆ, ಹಿಂದೆ ಅದೇ ಪಿಟೀಲು. ‘ಇವಳು ಯಾರ ಸೊಸೆ ಕಣೋ?’ ಅಂತ ನನ್ನನ್ನು ಕೇಳುತ್ತಾರೆ. ನಾನು ಹೇಳಿ ಮುಗಿಸುವಷ್ಟರಲ್ಲಿ ನಾಲ್ಕು ಮಾತು ತಪ್ಪಿಹೋಗಿರುತ್ತವೆ. ಈಚೆಗೆ ಕೇಳುವುದನ್ನೂ ಬಿಟ್ಟಿದ್ದಾರೆ, ಸುಮ್ನೆ ಕೂತಿರುತ್ತಾರೆ. ಹಳೆಯ ಹಾಡೊಂದನ್ನು ಮೊಬೈಲಿನಲ್ಲಿ ಹಾಕಿದರೆ ಈಗಲೂ ಒಂದಕ್ಷರ ತಪ್ಪದೆ ಹಾಡುತ್ತಾರೆ. ಇವರು ವಾಹಿನಿಗಳ ಪ್ರೇಕ್ಷಕರಲ್ಲವೇ? ಸೋಮವಾರದ ಕಂತಿಗಾದರೂ ಪೂರ್ತಿ ಹಾಡು ಹಾಕಲಿ.

ವಿರೋಧ: ಕಥೆಗೆ ಜಾಗ ಬಿಡಿ

ಈ ಹಾಡುಗಳಲ್ಲಿ ಕೆಲವು ನನಗೂ ಇಷ್ಟ. ಆದರೂ ದಿನಾ ಬೇಕು ಎಂಬುದನ್ನು ಒಪ್ಪಲಾರೆ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು ಸುಮಾರು 22 ನಿಮಿಷ. ಒಂದೂವರೆ ನಿಮಿಷದ ಹಾಡನ್ನು ವಾರಕ್ಕೆ 5 ದಿನ ಹಾಕಿದರೆ ಏಳೂವರೆ ನಿಮಿಷ ಹೋಯಿತು. ಹಾಡು ಶುರುವಾದರೆ ರಿಮೋಟ್ ಎತ್ತಿಕೊಳ್ಳುವವರೂ ಬೇಕಾದಷ್ಟಿದ್ದಾರೆ. ಟಿಆರ್‌ಪಿ ನಂಬಿದ ವಾಹಿನಿ ಅದನ್ನು ನೋಡಲೇಬೇಕಲ್ಲ.

ಆ್ಯಪ್‌ನಲ್ಲಿ ಒಂದರ ಹಿಂದೆ ಒಂದು ಕಂತು ನೋಡುವವರಿಗಂತೂ ಅದೇ ಹಾಡು ಮತ್ತೆ ಮತ್ತೆ ಬಂದರೆ ಕಿರಿಕಿರಿ. ಜನ ಹಾಡನ್ನು ಓಡಿಸಿ ಮುಂದೆ ಹೋಗುವುದನ್ನು ಗಮನಿಸಿಯೇ ನೆಟ್‌ಫ್ಲಿಕ್ಸ್ 2017ರಲ್ಲಿ ‘ಸ್ಕಿಪ್ ಇಂಟ್ರೊ’ ಎಂಬ, ಹಾಡು ದಾಟಿಸುವ ಗುಂಡಿ ತಂದಿತು.

ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ತೆಗೆದುಕೊಳ್ಳಿ. ಎಲ್. ವೈದ್ಯನಾಥನ್ ಅವರ ಆ ‘ತಾನಾನಾ’ದಲ್ಲಿ ಸಾಹಿತ್ಯವೇ ಇಲ್ಲ. ಆದರೂ ಇವತ್ತಿಗೂ ಜನ ಗುನುಗುತ್ತಾರೆ. ಗುರುತಿಗೆ ಒಂದು ಒಳ್ಳೆಯ ರಾಗ ಇದ್ದರೆ ಸಾಕು, ಹತ್ತು ಸೆಕೆಂಡಿನದು. ಧಾರಾವಾಹಿ ನೋಡಲು ಕೂತವರಿಗೆಲ್ಲ ದಿನಾ ಕವಿಗೋಷ್ಠಿ ಕೇಳಿಸಬೇಕು ಎನ್ನುವುದು ಅತಿಯಾಯಿತು. ಕವಿತೆ ಬೇಕಾದವರಿಗೆ ಪುಸ್ತಕವಿದೆ, ಯೂಟ್ಯೂಬ್ ಇದೆ.