ಕಪ್ಪು ಪರದೆ ಬಿಟ್ಟು ಗಿಟ್ ಬಳಸುವವರ ಪರವಾಗಿ

ಕಳೆದ ವಾರ ಆಫೀಸಿನಲ್ಲಿ ನಡೆದ ಒಂದು ಸಣ್ಣ ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಟೀಮಿಗೆ ಹೊಸದಾಗಿ ಒಬ್ಬ ಹುಡುಗಿ ಸೇರಿದ್ದಾಳೆ. ಶಿರಸಿ ಕಡೆಯವಳು. ನಾನು ಅವಳ ಸೀಟಿನ ಹತ್ತಿರ ಹೋದ ತಕ್ಷಣ ಸ್ಕ್ರೀನ್ ಮೇಲಿದ್ದ ಒಂದು ವಿಂಡೋವನ್ನು ಗಡಿಬಿಡಿಯಲ್ಲಿ ಮುಚ್ಚಿದಳು. ಶಾಪಿಂಗೋ ಇನ್ನೇನೋ ಇರಬೇಕು ಅಂದುಕೊಂಡೆ. ಅಲ್ಲ, ಅದು ಸೋರ್ಸ್‌ಟ್ರೀ. ಗಿಟ್ ಕೆಲಸವನ್ನು ಟರ್ಮಿನಲ್ ಅನ್ನುವ ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡದೆ, ಕಣ್ಣಿಗೆ ಕಾಣುವ ಹಾಗೆ ಮಾಡಿಕೊಡುವ ಸಾಫ್ಟ್‌ವೇರ್. "ಸಾರಿ ಸರ್, ಕಮಾಂಡ್ ಕಲೀತಾ ಇದೀನಿ, ಇನ್ನೊಂದು ತಿಂಗಳಲ್ಲಿ ಇದನ್ನ ಬಿಟ್ಬಿಡ್ತೀನಿ" ಅಂದಳು. ಹಿಂದೆ ಇದ್ದ ಕಡೆ ಸೀನಿಯರ್ ಒಬ್ಬರು ಎಲ್ಲರ ಎದುರಿಗೆ "ಮೌಸ್ ಹಿಡಿದು ಗಿಟ್ ಮಾಡೋರು ಡೆವಲಪರ್ರೇ ಅಲ್ಲ" ಅಂದಿದ್ದರಂತೆ.

ತುಂಬಾ ಬೇಜಾರಾಯಿತು. ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಹುಡುಗಿ. ತನ್ನ ಕಮಿಟ್‌ನಲ್ಲಿ, ಅಂದರೆ ಗಿಟ್‌ನಲ್ಲಿ ದಾಖಲಿಸುವ ಬದಲಾವಣೆಗಳ ಕಂತೆಯಲ್ಲಿ, ಏನೇನು ಹೋಗುತ್ತಿದೆ ಅಂತ ಒಂದೊಂದು ಸಾಲನ್ನೂ ನೋಡಿ ಕಳಿಸುತ್ತಾಳೆ. ಅವಳು ಯಾಕೆ ಸಾರಿ ಕೇಳಬೇಕು?

ಈ ಕ್ಷೇತ್ರದಲ್ಲಿ ಇಲ್ಲದವರಿಗೆ ಎರಡು ಮಾತು. ಒಂದೇ ಕೋಡನ್ನು ಹತ್ತು ಜನ ಒಟ್ಟಿಗೆ ತಿದ್ದುತ್ತಿರುತ್ತೇವೆ. ಯಾರು, ಯಾವಾಗ, ಯಾವ ಸಾಲು ಬದಲಿಸಿದರು, ಯಾಕೆ ಬದಲಿಸಿದರು ಅನ್ನುವ ಲೆಕ್ಕ ಇಡುವುದು ಗಿಟ್‌ನ ಕೆಲಸ. ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕೆಲಸಕ್ಕಾಗಿ ಇದನ್ನು ಶುರು ಮಾಡಿದರು. ಇವತ್ತು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಅಂದರೆ ದಿನ ಬೆಳಗಾದರೆ ಗಿಟ್.

ನನ್ನದೇ ಒಂದು ಕಥೆ ಹೇಳುತ್ತೇನೆ. 2014. ಆಗ ನಾನೂ ಕಮಾಂಡ್ ಮಾತ್ರ ಬಳಸುತ್ತಿದ್ದೆ. ಒಂದು ಶುಕ್ರವಾರ ಬೆಳಗ್ಗೆಯಿಂದ ಸಂಜೆವರೆಗೆ ಹನ್ನೊಂದು ಫೈಲ್‌ಗಳಲ್ಲಿ ಕೆಲಸ ಮಾಡಿದ್ದೆ. ಒಂದನ್ನೂ ಕಮಿಟ್ ಮಾಡಿರಲಿಲ್ಲ. ಒಂದು ಫೈಲಿನ ಬದಲಾವಣೆ ಮಾತ್ರ ಬೇಡ ಅನಿಸಿತು. ಗಿಟ್ ಚೆಕ್‌ಔಟ್ ಅಂತ ಹೊಡೆದು, ಫೈಲಿನ ಹೆಸರು ಹಾಕುವ ಜಾಗದಲ್ಲಿ ಒಂದು ಚುಕ್ಕೆ ಹಾಕಿ ಎಂಟರ್ ಒತ್ತಿದೆ. ಚುಕ್ಕೆ ಅಂದರೆ ಈ ಫೋಲ್ಡರಿನಲ್ಲಿ ಇರುವುದೆಲ್ಲ. ಹನ್ನೊಂದು ಫೈಲೂ ಬೆಳಗ್ಗೆ ಹೇಗಿದ್ದವೋ ಹಾಗಾದವು. "ಅಳಿಸಲಾ?" ಅಂತ ಅದು ಒಂದು ಮಾತು ಕೇಳಲಿಲ್ಲ. ಗಿಟ್ ತನ್ನ ಹೆಜ್ಜೆಗಳನ್ನು ಬರೆದಿಡುವ ರಿಫ್‌ಲಾಗ್ ನೋಡಿದೆ. ಏನು ಪ್ರಯೋಜನ? ಅದು ನೆನಪಿಡುವುದು ಕಮಿಟ್ ಆದದ್ದನ್ನು ಮಾತ್ರ. ಅವತ್ತು ರಾತ್ರಿ ಒಂದೂವರೆಗೆ ಮನೆ ಸೇರಿದೆ.

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಆ ಕಮಾಂಡ್ ಎಂಥವರನ್ನೂ ಎಡವಿಸುವ ಹಾಗೇ ಇತ್ತು. ಬ್ರಾಂಚ್, ಅಂದರೆ ಕೋಡಿನ ಕವಲು, ಬದಲಿಸುವುದಕ್ಕೂ ಚೆಕ್‌ಔಟ್, ಫೈಲಿನ ಬದಲಾವಣೆ ಅಳಿಸುವುದಕ್ಕೂ ಅದೇ ಚೆಕ್‌ಔಟ್. ಗಿಟ್ ಕಟ್ಟುವವರಿಗೇ ಇದು ಸರಿ ಇಲ್ಲ ಅನಿಸಿ, 2019ರ ಆಗಸ್ಟ್‌ನಲ್ಲಿ ಬಂದ 2.23 ಆವೃತ್ತಿಯಲ್ಲಿ ಸ್ವಿಚ್, ರಿಸ್ಟೋರ್ ಅಂತ ಎರಡು ಬೇರೆ ಕಮಾಂಡ್ ಕೊಟ್ಟರು. ಸೋರ್ಸ್‌ಟ್ರೀಯಂಥದೇ ಇನ್ನೊಂದು ಸಾಫ್ಟ್‌ವೇರ್ ಗಿಟ್‌ಹಬ್ ಡೆಸ್ಕ್‌ಟಾಪ್‌ನಲ್ಲಿ ಇದೇ ಕೆಲಸ ಮಾಡಿ ನೋಡಿ. ಡಿಸ್ಕಾರ್ಡ್ ಒತ್ತಿದರೆ ಮೊದಲು ಕೇಳುತ್ತದೆ. ಹೂಂ ಅಂದರೆ ನೀವು ತಿದ್ದಿದ ಫೈಲನ್ನು ರಿಸೈಕಲ್ ಬಿನ್‌ಗೆ ಹಾಕಿ ಇಡುತ್ತದೆ. ಬೇಕಾದರೆ ಅಲ್ಲಿಂದ ಎತ್ತಿಕೊಳ್ಳಬಹುದು. ಅವತ್ತು ನನ್ನ ಹತ್ತಿರ ಇದು ಇದ್ದಿದ್ದರೆ ಏಳು ಗಂಟೆಗೇ ಮನೆಯಲ್ಲಿರುತ್ತಿದ್ದೆ.

"ನಿಜವಾದ ಗಿಟ್ ಅಂದರೆ ಟರ್ಮಿನಲ್" ಅನ್ನುವವರಿಗೆ ಇನ್ನೊಂದು ವಿಷಯ ನೆನಪಿಸಬೇಕು. ಗಿಟ್ ಹುಟ್ಟಿ ಮೂರು ತಿಂಗಳೂ ಆಗಿರಲಿಲ್ಲ. ಪಾಲ್ ಮೆಕೆರಸ್ ಅನ್ನುವವರು ಕಮಿಟ್‌ಗಳ ಇತಿಹಾಸವನ್ನು ಬಣ್ಣಬಣ್ಣದ ಗೆರೆಗಳಲ್ಲಿ ತೋರಿಸುವ ಗಿಟ್‌ಕೆ ಬರೆದಿದ್ದರು. 2005ರ ಜೂನ್‌ನಲ್ಲಿ ಅದನ್ನು ಗಿಟ್ ಒಳಗೇ ಸೇರಿಸಿಕೊಂಡವರು ಸ್ವತಃ ಲಿನಸ್. ಎರಡು ಬೇರೆ ಬೇರೆ ಪ್ರಾಜೆಕ್ಟ್‌ಗಳ ಇತಿಹಾಸವನ್ನೇ ಒಂದಾಗಿ ಮರ್ಜ್ ಮಾಡಿದ್ದರು. ಇಂಥ ಮರ್ಜ್ ಹಿಂದೆ ಆಗಿದ್ದೇ ಇಲ್ಲ ಅಂತ ಖುಷಿಯಿಂದ ಬರೆದುಕೊಂಡಿದ್ದರು. ಅಂದರೆ ಕಣ್ಣಿಂದ ನೋಡುವ ಗಿಟ್ ಆಮೇಲೆ ಯಾರೋ ತಂದು ಅಂಟಿಸಿದ್ದಲ್ಲ. ಮೊದಲ ವರ್ಷದಿಂದಲೂ ಮನೆಯ ಒಳಗೇ ಇದೆ.

ಈಗ ಆ ಹುಡುಗಿಯ ಸ್ಕ್ರೀನಿಗೆ ವಾಪಸ್ ಬರೋಣ. "ಮುಚ್ಚಬೇಡಮ್ಮ, ತೆಗಿ, ಏನು ಮಾಡ್ತಿದ್ದೆ ತೋರಿಸು" ಅಂದೆ. ಒಂದು ಕಡೆ ಬದಲಾದ ಫೈಲ್‌ಗಳ ಪಟ್ಟಿ. ಇನ್ನೊಂದು ಕಡೆ ಆ ಫೈಲಿನಲ್ಲಿ ಹೋದ ಸಾಲು ಕೆಂಪು, ಬಂದ ಸಾಲು ಹಸಿರು. ಒಂದು ಬಗ್ ಹುಡುಕಲು ಅವಳು ಅಲ್ಲಲ್ಲಿ ಪ್ರಿಂಟ್ ಸಾಲುಗಳನ್ನು ಹಾಕಿದ್ದಳು. ಅವನ್ನು ಬಿಟ್ಟು, ತಿದ್ದಿದ ನಾಲ್ಕೇ ಸಾಲು ಆರಿಸಿ ಸ್ಟೇಜ್ ಮಾಡಿದಳು, ಅಂದರೆ ಮುಂದಿನ ಕಮಿಟ್‌ಗೆ ಎತ್ತಿಟ್ಟಳು. ಪಟ್ಟಿಯಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇದ್ದ ಕಾನ್ಫಿಗ್ ಫೈಲೂ ಕಾಣುತ್ತಿತ್ತು. ಅದನ್ನು ಮುಟ್ಟಲಿಲ್ಲ. ಎಲ್ಲ ಸೇರಿ ಒಂದು ನಿಮಿಷವೂ ಆಗಲಿಲ್ಲ.

ಇದನ್ನೇ ಟರ್ಮಿನಲ್‌ನಲ್ಲೂ ಮಾಡಬಹುದು, ಗಿಟ್ ಆಡ್ ಜೊತೆ ಮೈನಸ್ ಪಿ ಹಾಕಿದರೆ ಆಯಿತು, ಒಂದೊಂದು ತುಣುಕನ್ನೂ ಕೇಳಿ ಸೇರಿಸುತ್ತದೆ. ಆದರೆ ನಿಜ ಹೇಳಿ, ಸಂಜೆ ಆರೂವರೆಗೆ, ಕ್ಯಾಬ್ ಕೆಳಗೆ ಕಾಯುತ್ತಿರುವಾಗ ಎಷ್ಟು ಜನ ಹಾಗೆ ಮಾಡುತ್ತೇವೆ? ಸುಮ್ನೆ ಆಡ್ ಚುಕ್ಕೆ, ಕಮಿಟ್, ಪುಶ್. ಅಂದರೆ ಇರುವುದನ್ನೆಲ್ಲ ಸೇರಿಸಿ ಎಲ್ಲರಿಗೂ ಸಿಗುವ ಸರ್ವರ್‌ಗೆ ಕಳಿಸಿಬಿಡುವುದು. ಬೇರೆಯವರ ಕೋಡ್ ರಿವ್ಯೂ ಮಾಡುವಾಗ ನನ್ನ ಕಣ್ಣಿಗೆ ಬಿದ್ದ ಪಾಸ್‌ವರ್ಡ್‌ಗಳು, ಬೇಡದ ಲಾಗ್ ಫೈಲ್‌ಗಳು ಜಾಸ್ತಿ ಬಂದಿದ್ದು ಹೀಗೇ. ವೇಗವಾಗಿ ಟೈಪ್ ಮಾಡುವ ಅನುಭವಸ್ಥರಿಂದ, ಹೊಸಬರಿಂದಲ್ಲ. ಪಾಸ್‌ವರ್ಡ್ ಒಮ್ಮೆ ಪುಶ್ ಆಯಿತು ಅಂದರೆ ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಉಳಿದೇ ಇರುತ್ತದೆ. ಪಾಸ್‌ವರ್ಡನ್ನೇ ಬದಲಿಸಬೇಕು.

ಈ ಸಾಫ್ಟ್‌ವೇರ್‌ಗಳಲ್ಲಿ ಕೊರತೆಗಳಿಲ್ಲ ಅಂತ ಹೇಳುತ್ತಿಲ್ಲ. ಸೋರ್ಸ್‌ಟ್ರೀ ಲಿನಕ್ಸ್‌ನಲ್ಲಿ ಸಿಗುವುದಿಲ್ಲ, ದೊಡ್ಡ ರೆಪೊಸಿಟರಿ, ಅಂದರೆ ಕೋಡಿನ ಭಂಡಾರ, ತೆರೆದರೆ ಏದುಸಿರು ಬಿಡುತ್ತದೆ. ಕೋಡ್ ಬರೆಯುವ ಸಾಫ್ಟ್‌ವೇರ್ ವಿಎಸ್ ಕೋಡ್‌ನಲ್ಲಿ ಸಿಂಕ್ ಬಟನ್ ಒತ್ತಿದರೆ ಪುಲ್ (ಬೇರೆಯವರ ಬದಲಾವಣೆ ತರುವುದು), ಪುಶ್ ಎರಡೂ ಒಟ್ಟಿಗೆ ಆಗುತ್ತವೆ. ಅದು ಗೊತ್ತಿಲ್ಲದೆ ಒತ್ತಿ ಗಾಬರಿಯಾದವರನ್ನು ನೋಡಿದ್ದೇನೆ. ಸರ್ವರ್‌ಗೆ ಲಾಗಿನ್ ಆದಾಗ ಅಲ್ಲಿ ಕಿಟಕಿಯೂ ಇಲ್ಲ, ಮೌಸೂ ಇಲ್ಲ. ಹಾಗಾಗಿ ಕಮಾಂಡ್ ಕಲಿಯಲೇಬೇಕು. ನಾನೂ ರಿಬೇಸ್, ಬೈಸೆಕ್ಟ್‌ನಂಥ ಕ್ಲಿಷ್ಟ ಕೆಲಸ ಎಲ್ಲ ಟರ್ಮಿನಲ್‌ನಲ್ಲೇ ಮಾಡುತ್ತೇನೆ. ಆದರೆ ಬ್ರಾಂಚ್ ಅಂದರೇನು, ಮರ್ಜ್ ಅಂದರೇನು ಅನ್ನುವುದು ಮೊದಲು ಕಣ್ಣಿಗೆ ಕಾಣಲಿ. ಅದು ಗೊತ್ತಾದವರಿಗೆ ಕಮಾಂಡ್ ಕಲಿಯಲು ಎಷ್ಟು ದಿನ ಬೇಕು?

ಇನ್ನೊಂದು ಕಾರಣ ಇದೆ. ಅದು ನಮ್ಮ ಭಾಷೆಯದು.

ನಾವು ಕೆಲವು ಗೆಳೆಯರು ಭಾನುವಾರಗಳಲ್ಲಿ ಹಳೆಯ ಕನ್ನಡ ಬರಹಗಳನ್ನು ಟೈಪ್ ಮಾಡಿ, ತಪ್ಪು ತಿದ್ದಿ ಇಡುತ್ತಿದ್ದೇವೆ. ಎಲ್ಲ ಗಿಟ್‌ನಲ್ಲೇ. ಫೈಲಿನ ಹೆಸರೂ ಕನ್ನಡದಲ್ಲೇ. ಬದಲಾದ ಫೈಲ್‌ಗಳ ಪಟ್ಟಿ ನೋಡಲು ಟರ್ಮಿನಲ್‌ನಲ್ಲಿ ಗಿಟ್ ಸ್ಟೇಟಸ್ ಕೊಟ್ಟರೆ "ಕ" ಇರಬೇಕಾದ ಕಡೆ \340\262\225 ಅಂತ ಬರುತ್ತದೆ. ಒಂದು ಅಕ್ಷರಕ್ಕೆ ಮೂರು ಸಂಖ್ಯೆ, ಪೂರ್ತಿ ಹೆಸರಿಗೆ ಒಂದು ಸಾಲು. ಕೋರ್ ಕೋಟ್‌ಪಾತ್ ಅನ್ನುವ ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಹೆಸರು ಸರಿಯಾಗುತ್ತದೆ. ಆದರೂ ಬಹಳಷ್ಟು ಟರ್ಮಿನಲ್‌ಗಳಿಗೆ ನಮ್ಮ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಹಾಗೆ ಒಡೆದುಹೋದ ಸಾಲಿನಲ್ಲಿ ಕಾಗುಣಿತದ ತಪ್ಪು ಹುಡುಕುವುದು ಹೇಗೆ? ಅದೇ ಸಾಲು ಗಿಟ್‌ಹಬ್ ಡೆಸ್ಕ್‌ಟಾಪ್‌ನಲ್ಲಿ ಪುಸ್ತಕದಲ್ಲಿ ಅಚ್ಚಾದ ಹಾಗೆ ಕಾಣುತ್ತದೆ.

ಈ ಕೆಲಸದಲ್ಲಿ ನಮ್ಮ ಜೊತೆ ಹನುಮಂತನಗರದ ಮೇಷ್ಟ್ರು ಒಬ್ಬರಿದ್ದಾರೆ. ಕನ್ನಡ ಪಾಠ ಮಾಡಿ ನಿವೃತ್ತರಾದವರು. ಎಪ್ಪತ್ತು ದಾಟಿದೆ. ಮೊದಲ ದಿನ ಅವರ ಪಕ್ಕದಲ್ಲಿ ಕೂತು ತೋರಿಸಿದೆ. ಕನ್ನಡಕ ಮೇಲೆತ್ತಿ ಸ್ಕ್ರೀನನ್ನೇ ನೋಡುತ್ತಿದ್ದರು. ಆಮೇಲೆ, "ಕೆಂಪು ಇದ್ದಿದ್ದು, ಹಸಿರು ನಾನು ತಿದ್ದಿದ್ದು. ಅಷ್ಟೇ ತಾನೇನಪ್ಪಾ?" ಅಂದರು. ಅಷ್ಟೇ ಮೇಷ್ಟ್ರೇ ಅಂದೆ. "ಹಾಗಾದ್ರೆ ಇದನ್ನ ನಾನು ಮೂವತ್ತೈದು ವರ್ಷ ಮಾಡಿದೀನಿ ಬಿಡು. ಹಸಿರು ಪೆನ್ನು ಒಂದಿರಲಿಲ್ಲ."

ಮೊನ್ನೆ ಅವರ ಕಮಿಟ್‌ಗಳನ್ನು ಆ ಹುಡುಗಿಗೆ ತೋರಿಸಿದೆ. ಒಂದೊಂದು ತಿದ್ದುಪಡಿಗೂ ಒಂದೊಂದು ಕಮಿಟ್, ಒಂದೊಂದಕ್ಕೂ ಕಾರಣ. "ಅಲ್ಪಪ್ರಾಣ ಇತ್ತು, ಮಹಾಪ್ರಾಣ ಮಾಡಿದೆ." "ಇಲ್ಲಿ ಳ ಅಲ್ಲ, ಲ." "ಈ ಪದ ಮೂಲದಲ್ಲೇ ಹೀಗಿದೆ, ಯಾರೂ ತಿದ್ದಬೇಡಿ." ಅವಳು ಓದುತ್ತಾ ಓದುತ್ತಾ ಕೆಳಗೆ ಹೋದಳು. "ಸರ್, ಇವರು ಯಾವ ಕಂಪನಿಲಿದ್ರು?" ಅಂದಳು.