ವಿಶ್ವಸಂಸ್ಥೆಯ ಗುರಿಗಳಿಂದ ನಮ್ಮ ಹುಡುಗಿಯರ ಕಳ್ಳಸಾಗಣೆ ನಿಲ್ಲುತ್ತಾ?

ಪರ

ತೊಗರಿ ರಾಶಿ ಮುಗಿಯಿತು ಅಂದರೆ ಯಾದಗಿರಿ ತಾಂಡಾಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ. ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ, ಬೆಂಗಳೂರು, ಪುಣೆ, ಮುಂಬೈ ಕಡೆ ಗುಳೆ. ಏಳನೇ ಕ್ಲಾಸಿನ ಹುಡುಗಿ ತಮ್ಮನನ್ನು ಎತ್ತಿಕೊಳ್ಳೋಕೆ ಅಂತ ಜೊತೆಗೆ ಹೋಗುತ್ತಾಳೆ, ಮತ್ತೆ ಶಾಲೆಗೆ ಬರೋದೇ ಇಲ್ಲ. "ಒಳ್ಳೇ ಮನೆಯಲ್ಲಿ ಕೆಲಸಕ್ಕೆ ಸೇರಿಸ್ತೀನಿ" ಅನ್ನೋ ದಲ್ಲಾಳಿಗೆ ಬೇಕಾಗಿರೋದು ಇಂಥವಳೇ. ಪೊಲೀಸರಿಗೆ ವಿಷಯ ಮುಟ್ಟುವಾಗ ತೀರಾ ತಡವಾಗಿರುತ್ತದೆ.

2015ರಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳೆಲ್ಲ ಒಪ್ಪಿಕೊಂಡ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಕಳ್ಳಸಾಗಣೆ ಮೂರು ಉಪಗುರಿಗಳಲ್ಲಿ ಬರುತ್ತದೆ: 5.2ರಲ್ಲಿ ಮಹಿಳೆಯರ ಮೇಲಿನ ಹಿಂಸೆಯ ಜೊತೆ, 8.7ರಲ್ಲಿ ಜೀತ, ಬಾಲಕಾರ್ಮಿಕ ಪದ್ಧತಿಯ ಜೊತೆ, 16.2ರಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಜೊತೆ. ಅಂದರೆ ಇದು ಬರೀ ಠಾಣೆಯ ಕೆಲಸ ಅಲ್ಲ. ಶಾಲೆ, ಕೂಲಿ, ಬಾಲ್ಯವಿವಾಹ ಎಲ್ಲ ಸೇರಿದ ಸಮಸ್ಯೆ. ಈ ಗುರಿಗಳನ್ನೇ ಪಂಚಾಯಿತಿ ಮಟ್ಟಕ್ಕೆ ಇಳಿಸಿ ಮಾಡಿದ 9 ವಿಷಯಗಳಲ್ಲಿ ಮಕ್ಕಳಸ್ನೇಹಿ, ಮಹಿಳಾಸ್ನೇಹಿ ಗ್ರಾಮ ಅನ್ನೋದೂ ಇವೆ. ಗುಳೆ ಹೋದವರ ಜೊತೆ ಯಾವ ಹುಡುಗಿಯರು ಹೋದರು, ಯಾರು ವಾಪಸ್ ಬಂದಿಲ್ಲ, ಪಟ್ಟಿ ಇಡಿ ಅಂತ ಗ್ರಾಮಸಭೆಯಲ್ಲಿ ಕೇಳೋಕೆ ಇದೊಂದು ಹಿಡಿಕೆ ಸಿಕ್ಕಿದೆ, ಬಳಸಬಾರದಾ?

ವಿರೋಧ

ಕೇಳಬಹುದು. ಆದರೆ ಉತ್ತರ ಕೊಡದಿದ್ದರೆ ಯಾರಿಗೆ ಏನಾಗುತ್ತೆ? 8.7ರ ಪ್ರಕಾರ ಬಾಲಕಾರ್ಮಿಕ ಪದ್ಧತಿ 2025ಕ್ಕೇ ಮುಗಿಯಬೇಕಿತ್ತು. ಮುಗಿದಿಲ್ಲ, ಅದಕ್ಕೆ ಯಾರ ಕೆಲಸವೂ ಹೋಗಿಲ್ಲ.

ಲೆಕ್ಕ ಹಾಕೋ ರೀತಿ ಇನ್ನೂ ವಿಚಿತ್ರ. ಲಕ್ಷ ಜನರಿಗೆ ಎಷ್ಟು ಮಂದಿ ಕಳ್ಳಸಾಗಣೆಗೆ ಒಳಗಾದರು ಅನ್ನೋದು ಗುರಿ ಅಳೆಯೋ ಒಂದು ಸೂಚಕ. ಕೇಸೇ ದಾಖಲಾಗದಿದ್ದರೆ ಆ ಹುಡುಗಿ ಲೆಕ್ಕಕ್ಕೆ ಬರೋದು ಹೇಗೆ? ನಿಯತ್ತಾಗಿ ಎಫ್‌ಐಆರ್ ಹಾಕುವ ಜಿಲ್ಲೆ ಕೆಟ್ಟದಾಗಿ ಕಾಣುತ್ತದೆ, ಸುಮ್ನೆ ಕೂತ ಜಿಲ್ಲೆ ಚೆನ್ನಾಗಿ ಕಾಣುತ್ತದೆ. ಯಾದಗಿರಿಗಂತೂ ಹಿಂದುಳಿದ ಜಿಲ್ಲೆಗಳಿಗೆ ಕೇಂದ್ರ ಕೊಡುವ ಮಹತ್ವಾಕಾಂಕ್ಷಿ ಜಿಲ್ಲೆ ಅನ್ನೋ ಹಣೆಪಟ್ಟಿ 2018ರಿಂದ ಬೇರೆ ಇದೆ, ಅಂಕಿ ತುಂಬೋ ಕೆಲಸಕ್ಕೆ ಏನೂ ಬರಗಾಲ ಇಲ್ಲ.

ಕಾನೂನಿಗೂ ಕೊರತೆ ಇಲ್ಲ. ಮನುಷ್ಯರ ಮಾರಾಟ, ಜೀತ ನಿಷೇಧಿಸುವ ಸಂವಿಧಾನದ 23ನೇ ವಿಧಿ, ಅನೈತಿಕ ಸಾಗಾಟ ತಡೆಯುವ 1956ರ ಕಾಯ್ದೆ, ದೇವದಾಸಿ ಬಿಡೋದನ್ನು 1982ರಲ್ಲೇ ನಿಷೇಧಿಸಿದ ರಾಜ್ಯದ ಕಾಯ್ದೆ, ಈಗ ಕಳ್ಳಸಾಗಣೆಗೆ ಶಿಕ್ಷೆ ಹೇಳುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ. ಆದರೂ ಮಗಳು ಕಾಣ್ತಿಲ್ಲ ಅಂತ ಬಂದ ತಾಯಿಗೆ ಸಿಗುವ ಮಾತು, "ಯಾರ ಜೊತೆನೋ ಹೋಗಿರಬೇಕು, ನಾಲ್ಕು ದಿನ ನೋಡ್ರಿ." ಪಕ್ಕದ ವಾಡಿ ಜಂಕ್ಷನ್‌ನಲ್ಲಿ ರಾತ್ರಿ ರೈಲು ಹತ್ತಿಸಿದರೆ ಬೆಳಗಾಗುವಷ್ಟರಲ್ಲಿ ಮುಂಬೈ, ಇನ್ನು ನಾಲ್ಕು ದಿನ ಏನು ನೋಡೋದು? ಮಗು ಕಾಣೆಯಾದರೆ ಅಪಹರಣ ಇಲ್ಲವೇ ಕಳ್ಳಸಾಗಣೆ ಎಂದೇ ಭಾವಿಸಿ ಎಫ್‌ಐಆರ್ ಹಾಕಿ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ನನ್ನನ್ನು ಕೇಳಿದರೆ ಠಾಣೆ ಬಾಗಿಲಲ್ಲಿ ಹಾಕಬೇಕಾದ ಬೋರ್ಡು ಇದು, ವಿಶ್ವಸಂಸ್ಥೆಯ ಗುರಿಗಳ 17 ಬಣ್ಣದ ಚೌಕಗಳದ್ದಲ್ಲ.