ಬೀಗ ಹಾಕಿದ ಮನೆಯ ಹುಲಿ

ನಮ್ಮ ಹಿಂದಿನ ಮನೆಯಲ್ಲಿ ಹುಲಿ ಇದೆ. ಮನೆಗೆ ಬೀಗ ಬಿದ್ದು ಎರಡು ವರ್ಷ ಆಯಿತು. ಓನರ್ ಬೆಂಗಳೂರಲ್ಲಿದ್ದಾರೆ ಅಂತ ಹಾಲಿನವನು, ದುಬೈಲಿದ್ದಾರೆ ಅಂತ ಪೇಪರಿನವನು. ಮುಖ ನೋಡಿದವರು ಬೀದಿಯಲ್ಲಿ ಯಾರೂ ಇಲ್ಲ. ಹೋದ ತಿಂಗಳು ಯಾರೋ ಇಬ್ಬರು ಬಂದು ತಾರಸಿ ಮೇಲೆ ಒಂದು ಡಬ್ಬ ಕಟ್ಟಿ ಹೋದರು. ಮಂಗ ಓಡಿಸುವ ಡಬ್ಬ. ಅದರ ಮುಂದೆ ಏನಾದರೂ ಓಡಾಡಿದರೆ ಮೊದಲು ನಾಯಿ ಬೊಗಳುತ್ತದೆ, ಆಮೇಲೆ ಕೋವಿ ಢಂ ಅನ್ನುತ್ತದೆ, ಕೊನೆಗೆ ಹುಲಿ ಗರ್ಜಿಸುತ್ತದೆ.

ಚಿಕ್ಕಮಗಳೂರಿನಲ್ಲಿ ಮಂಗನ ಕಾಟ ಇಲ್ಲ ಅಂತ ನಾನು ಹೇಳುವುದಿಲ್ಲ. ಹಂಚು ಸರಿಸಿ ಅಡುಗೆಮನೆಗೆ ಇಳಿದು ಬಾಳೆಗೊನೆ ಹೊತ್ತೊಯ್ದ ಕಥೆ ನಮ್ಮಲ್ಲಿ ಮನೆಗೊಂದು ಸಿಗುತ್ತದೆ. ಆದರೆ ಮಂಗ ದಡ್ಡ ಅಲ್ಲ. ಮೂರು ದಿನ ಹುಲಿ ಕೂಗಿತು, ಹುಲಿ ಬರಲಿಲ್ಲ. ನಾಲ್ಕನೇ ದಿನ ತಾಯಿಮಂಗ ಡಬ್ಬದ ಮೇಲೇ ಕೂತು ಮರಿಯ ಹೇನು ಹೆಕ್ಕುತ್ತಿತ್ತು. ಈಗ ಬೆಚ್ಚಿ ಬೀಳುವವರು ನಾವು ಮಾತ್ರ.

ಮಂಗವಾದರೂ ರಾತ್ರಿ ಮಲಗುತ್ತದೆ. ಬೆಕ್ಕು ಮಲಗಬೇಕಲ್ಲ! ಕರೆಂಟ್ ಹೋದರೆ ನಿಲ್ಲಬಹುದು ಅಂತ ಕಾದೆ. ಗಾಳಿಮಳೆ ಬಂತು, ಕರೆಂಟ್ ಹೋಯಿತು, ಫ್ಯಾನ್ ನಿಂತಿತು, ಡಬ್ಬ ನಿಲ್ಲಲಿಲ್ಲ. ಅದಕ್ಕೆ ಸೋಲಾರ್ ಅಂತೆ.

ಶಬ್ದಮಾಲಿನ್ಯಕ್ಕೆ ಕಾನೂನೇ ಇಲ್ಲ ಅನ್ನಬೇಡಿ. 2000ನೇ ಇಸವಿಯ ನಿಯಮವೇ ಇದೆ. ಜನ ವಾಸಿಸುವ ಕಡೆ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಓದಿ ಕಣ್ಣು ತುಂಬಿತು. ಮುಂದಕ್ಕೆ ಓದಿದೆ. ಮಿತಿಗಿಂತ 10 ಡೆಸಿಬೆಲ್ ಆದರೂ ಮೀರಿದರೆ ದೂರು ಕೊಡಬಹುದಂತೆ. ಅಂದರೆ ರಾತ್ರಿ 54ರ ತನಕ ನನಗೆ ನಿದ್ದೆ ಬಂದಿದೆ ಅಂತಲೇ ಲೆಕ್ಕ. ಮೊಬೈಲ್ ಹಿಡಿದು ಅಳೆದೆ, 63 ಬಂತು. ಹಬ್ಬದಷ್ಟು ಖುಷಿಯಾಗಿ ಒಂದು ಕಚೇರಿಗೆ ಓಡಿದೆ.

"ಮೊಬೈಲ್ ಲೆಕ್ಕಕ್ಕಿಲ್ಲ ಸಾರ್. ಫಾರಂ ತುಂಬಿಸಿ."

ಫಾರಂನಲ್ಲಿ ಮೊದಲನೇ ಕಾಲಂ: ಶಬ್ದ ಮಾಡುವವರ ಹೆಸರು, ತಂದೆಯ ಹೆಸರು. ಹುಲಿ ಅಂತ ಬರೆದೆ. ತಂದೆಯ ಜಾಗ ಖಾಲಿ ಬಿಟ್ಟೆ. ಗುಮಾಸ್ತರು ಕನ್ನಡಕ ಇಳಿಸಿ ನೋಡಿದರು. "ಹುಲಿ ಆದ್ರೆ ಫಾರೆಸ್ಟ್‌ನವರ ಹತ್ರ ಹೋಗ್ಬೇಕಲ್ಲ?"

ಹೇಗೋ ಒಬ್ಬರು ಮೀಟರ್ ಹಿಡಿದು ಬಂದರು. ರಾತ್ರಿಯ ಶಬ್ದ ಅಳೆಯುವುದಕ್ಕೆ ಬೆಳಗ್ಗೆ ಹನ್ನೊಂದಕ್ಕೆ. ಅದೇ ಹೊತ್ತಿಗೆ ಕಸದ ಗಾಡಿ ಮೈಕಿನಲ್ಲಿ ಸ್ವಚ್ಛತೆಯ ಹಾಡು ಹಾಕಿಕೊಂಡು ಬಂತು. ಮೀಟರ್ ಜಿಗಿಯಿತು. ಅವರ ಮುಖವೂ ಅರಳಿತು. ಆಮೇಲೆ ಅದು ಸರ್ಕಾರದ್ದೇ ಗಾಡಿ ಅಂತ ನೆನಪಾಗಿ, ಒಂದು ಲೋಟ ಕಾಫಿ ಕುಡಿದು ಹೋದರು.

ರಾತ್ರಿ ಬೀಟಿನ ಪೊಲೀಸರಿಗೂ ಹೇಳಿದೆ. ಪಾಪ, ಇಬ್ಬರು ಬಂದರು. ಕಾಂಪೌಂಡ್ ಹಾರುವ ಹಾಗಿಲ್ಲ, ಓನರ್ ಇಲ್ಲ, ಕೇಸ್ ಯಾರ ಮೇಲೆ? ಹೀಗೆ ಯೋಚಿಸುತ್ತಾ ಒಬ್ಬರು ಗೇಟಿನ ಹತ್ತಿರ ಹೋದದ್ದೇ ತಡ, ಡಬ್ಬ ಬೊಗಳಿತು. ಬೀದಿನಾಯಿಗಳೆಲ್ಲ ಉತ್ತರ ಕೊಟ್ಟವು. ಪೊಲೀಸಪ್ಪ ನಾಲ್ಕು ಹೆಜ್ಜೆ ಹಿಂದೆ ಬಂದು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಬಗ್ಗಿ ನೋಡಿದೆ: "ಮನೆಯಲ್ಲಿ ನಾಯಿ ಇದೆ."

ಕೊನೆಗೆ ಕೆಲಸ ಮಾಡಿದ್ದು ಮಂಗವೇ. ಮೊನ್ನೆ ಭಾನುವಾರ ಒಂದು ಗಡವ ಡಬ್ಬವನ್ನು ಕಿತ್ತು, ಮೂಸಿ, ತಿನ್ನುವ ವಸ್ತುವಲ್ಲ ಅಂತ ಗೊತ್ತಾಗಿ ನಮ್ಮ ಅಂಗಳಕ್ಕೆ ಎಸೆಯಿತು. ಬಿದ್ದ ರಭಸಕ್ಕೆ ಸ್ವಿಚ್ ಮುರಿದಿದೆ, ಸ್ವರ ಹಾಗೇ ಇದೆ. ಗೋಣಿಚೀಲದಲ್ಲಿ ಸುತ್ತಿ ಬಚ್ಚಲಲ್ಲಿ ಇಟ್ಟೆ. ಬಚ್ಚಲಲ್ಲಿ ಹುಲಿ ಇನ್ನೂ ಜೋರಾಗಿ ಕೇಳುತ್ತದೆ.

ನಿನ್ನೆ ನನಗೆ ನೋಟಿಸ್ ಬಂದಿದೆ. ಪಕ್ಕದ ಬೀದಿಯವರು ಯಾರೋ ದೂರು ಕೊಟ್ಟಿದ್ದಾರೆ. ಈ ಸಲ ಫಾರಂ ಪೂರ್ತಿ ತುಂಬಿದೆ. ನಮ್ಮ ಅಪ್ಪನ ಹೆಸರಿನಲ್ಲೂ ಒಂದಕ್ಷರ ತಪ್ಪಿಲ್ಲ.